ಹಳೇ ಬೇಕರಿಯಲ್ಲಿ ಬನ್ ಕೇಳಿದ್ದು

ಇಂಗ್ಲೆಂಡಿನ ಸ್ವಿಂಡನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಕಾಟ್ಸ್‌ವೋಲ್ಡ್ಸ್ ಅನ್ನುವ ಗುಡ್ಡಸೀಮೆಯ ಕಡೆಯ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋದರು. ಜೇನುಬಣ್ಣದ ಕಲ್ಲಿನ ಮನೆಗಳು, ಒಂದು ಚರ್ಚು, ಒಂದೇ ಬೀದಿ. ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ‘ದಿ ಓಲ್ಡ್ ಬೇಕರಿ’ ಅಂತ ಬೋರ್ಡು ಕಂಡಿತು. ಹೋಗಿ ಬಾಗಿಲು ತಟ್ಟಿದೆ. ಸ್ನಾನದ ನಿಲುವಂಗಿ ತೊಟ್ಟ ಒಬ್ಬರು ಹೊರಗೆ ಬಂದರು. ಬನ್ ಇದೆಯಾ ಅಂದೆ. ಪಾಪ, ಅವರೇ ‘ಸಾರಿ’ ಅಂದರು. ಆ ದೇಶದಲ್ಲಿ ಕಾಲು ತುಳಿಸಿಕೊಂಡವರೇ ಸಾರಿ ಕೇಳೋದು.

“ಬೋರ್ಡ್ ಓದೋಕಷ್ಟೇ ಕಣಯ್ಯಾ,” ಅಂದರು ಭಾವ. “ತಿನ್ನೋಕೆ ಸೂಪರ್‌ಮಾರ್ಕೆಟ್ಟಿಗೆ ಹೋಗ್ಬೇಕು, ಕಾರಲ್ಲಿ.”

ಆಮೇಲೆ ಲೆಕ್ಕ ಸಿಕ್ಕಿತು. ಆ ಬೀದಿಯಲ್ಲಿ ‘ಓಲ್ಡ್’ ಅಂದರೆ ‘ಇಲ್ಲ’ ಅಂತ. ಅಂಗಡಿಗಳೆಲ್ಲ ಮುಚ್ಚಿ ಮನೆಗಳಾಗಿವೆ, ಹೆಸರು ಮಾತ್ರ ಉಳಿದಿದೆ. ಓಲ್ಡ್ ಪೋಸ್ಟಾಫೀಸಿನಲ್ಲಿ ಸ್ಟಾಂಪಿಲ್ಲ. ಓಲ್ಡ್ ಸ್ಕೂಲ್ ಹೌಸಿನಲ್ಲಿ ಮಕ್ಕಳಿಲ್ಲ. ಓಲ್ಡ್ ಫೋರ್ಜ್ ಅಂದರೆ ಕಮ್ಮಾರನ ಕುಲುಮೆ. ಕಿಟಕಿಯಲ್ಲಿ ಇಣುಕಿದರೆ ವೈನ್ ಬಾಟಲಿ ಸಾಲು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುತ್ತಾರಲ್ಲ, ಇಲ್ಲಿ ಮುಚ್ಚಿದ ಅಂಗಡಿಗೆ ಬೆಲೆ ಜಾಸ್ತಿ.

ಮನೆಗಳನ್ನು ಮಾತ್ರ ಅಲ್ಲಾಡಿಸುವ ಹಾಗಿಲ್ಲ. ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ಮನೆಯ ಹಳೇ ಕಿಟಕಿ ಕಿತ್ತು ಪ್ಲಾಸ್ಟಿಕ್ಕಿನದು ಹಾಕಬೇಕಾದರೆ ಕೌನ್ಸಿಲ್ಲಿನ ಒಪ್ಪಿಗೆ ಬೇಕು. ಕೇಳದೆ ಹಾಕಿದರೆ ಅದು ಕ್ರಿಮಿನಲ್ ಅಪರಾಧ. ಒಳಗೆ ಒಲೆ ಉರಿಯುತ್ತಿದೆಯಾ, ವರ್ಷಕ್ಕೆ ಹತ್ತು ತಿಂಗಳು ಮನೆಗೆ ಬೀಗವಾ, ಅದನ್ನು ಆ ಪಟ್ಟಿ ಕೇಳೋದಿಲ್ಲ. ಕಿಟಕಿಗೆ ರಕ್ಷಣೆ ಇದೆ, ಕಿಟಕಿಯಲ್ಲಿ ಇಣುಕುತ್ತಿದ್ದ ಅಜ್ಜಿಗೆ ಇಲ್ಲ.

ಅಲ್ಲಿಂದ ಬೈಬುರಿಗೆ ಹೋದೆವು. ಆರ್ಲಿಂಗ್ಟನ್ ರೋ ಅನ್ನುವ ಮನೆಸಾಲು ಇರುವ ಊರು. ಬ್ರಿಟನ್ನಿನ ಪಾಸ್‌ಪೋರ್ಟಿನ ಒಳಮೈ ಮೇಲೂ ಅಚ್ಚಾಗಿದ್ದ ಸಾಲು ಅದು. ಏನೂ ಬದಲಾಗಬಾರದು ಅಂತ ಹಳೇ ಕಟ್ಟಡಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ಕಾಯುತ್ತಿದೆ. ತಮಾಷೆ ನೋಡಿ: 14ನೇ ಶತಮಾನದಲ್ಲಿ ಅದು ಉಣ್ಣೆ ಗೋದಾಮು. 17ನೇ ಶತಮಾನದಲ್ಲಿ ಅದನ್ನೇ ಪಾಲು ಮಾಡಿ ನೇಕಾರರಿಗೆ ಮನೆ ಮಾಡಿದರು. ಆಗ ಯಾರೂ ‘ಓಲ್ಡ್ ಗೋದಾಮು’ ಅಂತ ಬೋರ್ಡು ಹಾಕಿಕೊಳ್ಳಲಿಲ್ಲ. ಅವರಿಗೆ ಮಗ್ಗ ಇಡೋಕೆ ಜಾಗ ಬೇಕಿತ್ತು, ಅಷ್ಟೇ.

ಇದೇ ಊರಿನ ಹಿರಿಯರೊಬ್ಬರು ಆ ಸಾಲಿನ ಹತ್ತಿರ ತಮ್ಮ ಹಳದಿ ಕಾರು ನಿಲ್ಲಿಸುತ್ತಿದ್ದರು. ಫೋಟೋ ಕೆಡುತ್ತದೆ ಅಂತ ಪ್ರವಾಸಿಗರ ಗೊಣಗಾಟ. 2017ರಲ್ಲಿ ಯಾರೋ ಕಾರಿನ ಗಾಜು ಒಡೆದು, ಬಾನೆಟ್ ಮೇಲೆ ‘ಜಾಗ ಬಿಡು’ ಅನ್ನುವ ಹಾಗೆ ಗೀಚಿ ಹೋದರು. ಏಪ್ರಿಲ್ 1ರಂದು ಸುಮಾರು ನೂರು ಹಳದಿ ಕಾರುಗಳು ಅವರ ಪರವಾಗಿ ಮೆರವಣಿಗೆ ಬಂದವು! ಆ ಬೀದಿಗೆ ಅಷ್ಟು ಜೀವ ಬಂದು ಎಷ್ಟು ಕಾಲವಾಗಿತ್ತೋ. ಊರಲ್ಲಿ ವಾಸ ಮಾಡುವವನೇ ಊರಿನ ಫೋಟೋಗೆ ಅಡ್ಡ ಅಂದರೆ ಏನು ಮಾಡೋದು, ಹೇಳಿ.

ವಾಪಸ್ ಬರುವಾಗ ಮೊದಲಿನ ಹಳ್ಳಿಯಲ್ಲೇ ನಿಲ್ಲಿಸಿದೆವು. ಅಲ್ಲೊಂದು ಕೆಂಪು ಫೋನ್ ಬಾಕ್ಸ್. 1935ರಲ್ಲಿ ವಾಸ್ತುಶಿಲ್ಪಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಮಾದರಿ. ಯಾರೂ ಬಳಸದ ಇಂಥ ಡಬ್ಬಿಗಳನ್ನು ಬ್ರಿಟಿಷ್ ಟೆಲಿಕಾಂ 2008ರಿಂದ ಊರುಗಳಿಗೆ 1 ಪೌಂಡಿಗೆ ಕೊಡುತ್ತಿದೆ, ಫೋನ್ ಕಿತ್ತುಕೊಂಡು. ಊರವರು ಅದಕ್ಕೆ ಹೊಸದಾಗಿ ಕೆಂಪು ಬಣ್ಣ ಬಳಿದಿದ್ದರು. ಒಳಗೆ ಗೋಡೆಗೆ ಒಂದು ಪೆಟ್ಟಿಗೆ, ಅದರಲ್ಲಿ ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ. ಒಳ್ಳೇ ಕೆಲಸವೇ. ಪೆಟ್ಟಿಗೆಗೆ ನಂಬರ್ ಬೀಗ. ಮೇಲೆ ಅಲ್ಲಿನ ತುರ್ತು ಕರೆಯ ನಂಬರ್ ಬರೆದಿತ್ತು: ‘999ಕ್ಕೆ ಫೋನ್ ಮಾಡಿ, ಬೀಗದ ನಂಬರ್ ಹೇಳುತ್ತಾರೆ.’

ಫೋನ್ ಬಾಕ್ಸಿನೊಳಗೆ ನಿಂತು ಫೋನಿಗಾಗಿ ಸುತ್ತ ನೋಡಿದೆ. ಜೇಬಿನಿಂದ ಮೊಬೈಲ್ ತೆಗೆದೆ. ಸಿಗ್ನಲ್ ಇರಲಿಲ್ಲ.

“ಅಲ್ಲಿ ಬರಲ್ಲ,” ಭಾವ ಕಾರಿನಿಂದಲೇ ಕೂಗಿದರು. “ಓಲ್ಡ್ ಪೋಸ್ಟಾಫೀಸ್ ಹತ್ರ ಹೋಗಿ ನಿಲ್ಲು, ಒಂದು ಕಡ್ಡಿ ಬರುತ್ತೆ.”