ಏಟು ತಿಂದು ಬಿಟ್ಟವರು, ಫೀಸು ಕಟ್ಟಿ ಬಿಟ್ಟವರು

ಮೊನ್ನೆ ಮಗಳು ಶಾಲೆಯಿಂದ ಬಂದವಳೇ, "ಅಪ್ಪ, ನಮ್ಮ ಬೆಟ್ಟ ಯಾವುದು? ನಮ್ಮ ಹೊಳೆ ಯಾವುದು?" ಅಂತ ಕೇಳಿದಳು. ಇಲ್ಲಿ ನ್ಯೂಜಿಲೆಂಡಿನಲ್ಲಿ ಮೂಲನಿವಾಸಿ ಮಾವೊರಿಗಳು ತಮ್ಮ ಪರಿಚಯ ಹೇಳಿಕೊಳ್ಳುವಾಗ ಹೆಸರಿಗಿಂತ ಮೊದಲು ಬೆಟ್ಟ, ಹೊಳೆ ಹೇಳುತ್ತಾರೆ. ಪೆಪೆಹಾ ಅಂತಾರೆ ಅದಕ್ಕೆ. ಈಗ ಆಕ್ಲೆಂಡಿನ ಶಾಲೆಗಳಲ್ಲಿ ನಮ್ಮಂಥವರ ಮಕ್ಕಳಿಗೂ ಕಲಿಸುತ್ತಾರೆ. ನಾನು ತೀರ್ಥಹಳ್ಳಿಯವನು, ಕುಂದಾದ್ರಿ ಮತ್ತು ತುಂಗೆ ಅಂದೆ. ಬರೆದುಕೊಂಡಳು.

ನೂರು ವರ್ಷದ ಹಿಂದೆ ಇದೇ ದೇಶದಲ್ಲಿ, ಶಾಲೆಯ ಅಂಗಳದಲ್ಲಿ ಮಾವೊರಿ ಮಾತಾಡಿದ ಎಷ್ಟೋ ಮಕ್ಕಳಿಗೆ ಚರ್ಮದ ಪಟ್ಟಿಯ ಏಟು ಬೀಳುತ್ತಿತ್ತು. ಹೊಡೆಯಿರಿ ಎಂದು ಕಾನೂನು ಇರಲಿಲ್ಲ, ಅದು ಆಯಾ ಮೇಷ್ಟರ ಮರ್ಜಿ. 1867ರ ಕಾಯ್ದೆಯಿಂದ ಹುಟ್ಟಿದ, ಮಾವೊರಿ ಮಕ್ಕಳಿಗೆಂದೇ ಇದ್ದ ಈ ನೇಟಿವ್ ಸ್ಕೂಲುಗಳಿಗೆ ಜಾಗ ಕೊಟ್ಟವರು ಊರಿನ ಮಾವೊರಿಗಳೇ. ಪಾಠ ಮಾತ್ರ ಇಂಗ್ಲಿಷಿನಲ್ಲಿ. ಮೊದಲ ಇನ್ಸ್‌ಪೆಕ್ಟರ್ ಜೇಮ್ಸ್ ಪೋಪ್ 1880ರಲ್ಲಿ ಮಾಡಿದ ನಿಯಮದಲ್ಲಿ ಚಿಕ್ಕ ಮಕ್ಕಳಿಗೆ ಮಾವೊರಿಯಲ್ಲಿ ಒಂದಷ್ಟು ಬಿಡಿಸಿ ಹೇಳಲು ಅವಕಾಶ ಇತ್ತು, 20ನೇ ಶತಮಾನ ಶುರುವಾದ ಮೇಲೆ ಅದೂ ಕಡಿಮೆಯಾಯಿತು. ಹಾಗಂತ ಮೇಷ್ಟರೆಲ್ಲ ರಾಕ್ಷಸರೇನೂ ಅಲ್ಲ. ಹಲವು ಕಡೆ ಗಂಡ ಹೆಂಡತಿ ಇಬ್ಬರೂ ಸೇರಿ ಶಾಲೆ ನಡೆಸುತ್ತಿದ್ದರು, ಊರಿಗೆ ಔಷಧಿ ಕೊಡುವವರೂ ಅವರೇ.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ನಮ್ಮವರು ಈ ಕತೆ ಕೇಳಿದ ಕೂಡಲೇ "ಬ್ರಿಟಿಷರ ಕುತಂತ್ರ" ಎಂದು ಮುಗಿಸಿಬಿಡುತ್ತಾರೆ. ಇಂಗ್ಲಿಷ್ ಕಲಿಸಿ ಅಂತ ಎಷ್ಟೋ ಮಾವೊರಿ ಹಿರಿಯರೇ ಕೇಳಿದ್ದರು, 1870ರ ದಶಕದಲ್ಲಿ ಪಾರ್ಲಿಮೆಂಟಿಗೆ ಅರ್ಜಿಯನ್ನೂ ಹಾಕಿದ್ದರು. ಜಮೀನು ಕೈ ಬಿಟ್ಟು ಹೋಗುತ್ತಿತ್ತು, ಕೋರ್ಟು ಕಾಗದ ಎಲ್ಲ ಇಂಗ್ಲಿಷು, ಅವರೇನು ಮಾಡಬೇಕಿತ್ತು? ಮನೆಯಲ್ಲಿ ಮಾವೊರಿ ಹೇಗೂ ಇದ್ದೇ ಇರುತ್ತದೆ ಅಂದುಕೊಂಡರು.

ಸರಿ, ಇಂಗ್ಲಿಷ್ ಕಲಿತರು. ಆಮೇಲೆ ಆದದ್ದು ನೋಡಿ. ಹಾಕ್ಸ್ ಬೇಯಲ್ಲಿ ತೆ ಔತೆ ಅಂತ ಒಂದು ಬೋರ್ಡಿಂಗ್ ಶಾಲೆ. ಹೆಡ್‌ಮಾಸ್ಟರ್ ಜಾನ್ ಥಾರ್ನ್‌ಟನ್ ಮಾವೊರಿ ಹುಡುಗರಿಗೆ ಲ್ಯಾಟಿನ್ನೂ ಸೇರಿಸಿ ಯೂನಿವರ್ಸಿಟಿಗೆ ಬೇಕಾದದ್ದನ್ನೆಲ್ಲ ಓದಿಸಿದರು. ಅಲ್ಲಿ ಓದಿದ ಆಪಿರಾನ ಙಾಟ 1893ರಲ್ಲಿ ಡಿಗ್ರಿ ಮುಗಿಸಿದರು, ನ್ಯೂಜಿಲೆಂಡಿನಲ್ಲಿ ಡಿಗ್ರಿ ಪಡೆದ ಮೊದಲ ಮಾವೊರಿ. (ನಮ್ಮ ವರ್ಣಮಾಲೆಯಲ್ಲಿ ಙ ಸುಮ್ನೆ ಕೂತಿರುವ ಅಕ್ಷರ ಅಂದುಕೊಂಡಿದ್ದೆ, ಅದಕ್ಕೆ ಇಲ್ಲಿ ಕೈ ತುಂಬಾ ಕೆಲಸ.) ಮಾವುಯಿ ಪೊಮಾರೆ ಡಾಕ್ಟರಾದರು, ಪೀಟರ್ ಬಕ್ ಎಂಬ ತೆ ರಂಗಿ ಹಿರೋವಾ ಕೂಡ. ಖುಷಿ ಪಡಬೇಕಲ್ವಾ? 1906ರಲ್ಲಿ ಒಂದು ಕಮಿಷನ್ ಕೂತು, ಈ ಹುಡುಗರಿಗೆ ಬೇಸಾಯ ಕಲಿಸಿ ಎಂದಿತು. 1931ರಲ್ಲೂ ಶಿಕ್ಷಣ ಇಲಾಖೆಯ ನಿರ್ದೇಶಕರ ಮಾತು ಅದೇ: ಮಾವೊರಿ ಹುಡುಗ ಒಳ್ಳೆ ರೈತನಾಗಲಿ, ಹುಡುಗಿ ಒಳ್ಳೆ ರೈತನ ಹೆಂಡತಿಯಾಗಲಿ. ಅಂದರೆ, ಇಂಗ್ಲಿಷ್ ಬೇಕಾದರೆ ನಿಮ್ಮ ನುಡಿ ಹೊರಗಿಟ್ಟು ಬನ್ನಿ, ಬಂದ ಮೇಲೆ ಹೊಲಕ್ಕೆ ಹೋಗಿ! ಬೇಸಾಯ ಕೀಳು ಅಂತ ನಾನು ಹೇಳುತ್ತಿಲ್ಲ, ನಮ್ಮದೂ ಅಡಿಕೆ ತೋಟದ ಮನೆ. ಆದರೆ ಮಗು ಏನಾಗಬೇಕು ಎಂದು ಇನ್ನೊಬ್ಬ ಮೊದಲೇ ಬರೆದಿಟ್ಟರೆ ಸಿಟ್ಟು ಬರುತ್ತದೆ.

ಅದೇ ಸಾಮ್ರಾಜ್ಯದಲ್ಲಿ ಧಾರವಾಡದ ಕಡೆ ಏನಾಯಿತು? ಮರಾಠಿ ನಡೆಯುತ್ತಿದ್ದ ಕಡೆ ಡೆಪ್ಯುಟಿ ಚೆನ್ನಬಸಪ್ಪನವರು ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡೇ ಕನ್ನಡ ಶಾಲೆ ತೆರೆಸಿದರು. ಬ್ರಿಟಿಷರಿಗೆ ಕನ್ನಡದ ಮೇಲೆ ಪ್ರೀತಿ ಅಂತಲ್ಲ. ನಮ್ಮಲ್ಲಿ ಅವರು ಬೆರಳೆಣಿಕೆ, ನಾವು ಕೋಟಿಗಟ್ಟಲೆ, ಎಲ್ಲರಿಗೂ ಇಂಗ್ಲಿಷ್ ಕಲಿಸುವುದು ಆಗದ ಮಾತು. ಇಲ್ಲಿ 1901ರ ಹೊತ್ತಿಗೆ ಮಾವೊರಿಗಳು ಸುಮಾರು 45,000, ಬಂದು ನೆಲೆಸಿದವರು ಏಳೂವರೆ ಲಕ್ಷಕ್ಕೂ ಜಾಸ್ತಿ. ಕನ್ನಡ ಉಳಿದದ್ದರಲ್ಲಿ ನಮ್ಮ ಹೋರಾಟ ಎಷ್ಟೋ, ತಲೆ ಎಣಿಕೆಯೂ ಅಷ್ಟೇ ಇದೆ ಅಂತ ನನಗನಿಸುತ್ತದೆ.

1913ರಲ್ಲಿ ಶಾಲೆಗೆ ಹೋಗುವ ಮಾವೊರಿ ಮಕ್ಕಳಲ್ಲಿ ನೂರಕ್ಕೆ 90 ಮಂದಿಗೆ ತಮ್ಮ ನುಡಿ ಬರುತ್ತಿತ್ತು. 1953ಕ್ಕೆ 26. 1975ಕ್ಕೆ 5. ಏಟು ತಿಂದವರು ತಮ್ಮ ಮಕ್ಕಳ ಜೊತೆ ಮಾವೊರಿ ಮಾತಾಡಲಿಲ್ಲ, ಅವರಿಗಾದರೂ ಏಟು ತಪ್ಪಲಿ ಎಂದು. 1982ರಲ್ಲಿ ಅಜ್ಜಿಯರು ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಮಾವೊರಿಯಲ್ಲೇ ಮಾತಾಡುವ ಕೊಹಂಗ ರೆಯೊ, ಅಂದರೆ ಭಾಷೆಯ ಗೂಡು, ಶುರು ಮಾಡಬೇಕಾಯಿತು. ನಡುವಿನ ತಲೆಮಾರಿಗೆ ಕಲಿಸಲು ಬರುತ್ತಿರಲಿಲ್ಲ.

ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ಅಪ್ಪ ತೋಟದ ದುಡ್ಡಲ್ಲಿ ಫೀಸೂ ಕಟ್ಟಿದರು, ದಂಡವನ್ನೂ ಕಟ್ಟಿದರು. ಯಾರೂ ಬಲವಂತ ಮಾಡಿರಲಿಲ್ಲ. ಅಪ್ಪನ ಮೇಲೆ ನನಗೆ ಕೋಪವೂ ಇಲ್ಲ, ಆ ಮಾವೊರಿ ಹಿರಿಯರ ಲೆಕ್ಕಾಚಾರವೇ ಅವರದ್ದೂ.

ಮಗಳು ಪೆಪೆಹಾ ಬಾಯಿಪಾಠ ಮಾಡಿ ಒಪ್ಪಿಸಿದಳು. ಮಾವೊರಿ ಉಚ್ಚಾರಣೆ ಚೆನ್ನಾಗಿತ್ತು. ತುಂಗೆ ಮಾತ್ರ "ಟುಂಗಾ" ಆಗಿತ್ತು. "ತುಂಗೆ ಅನ್ನು ಪುಟ್ಟಿ" ಎಂದು ತಿದ್ದಿದೆ. ಅವಳು ಇಂಗ್ಲಿಷಿನಲ್ಲಿ "ಐ ಸೆಡ್ ಇಟ್, ಅಪ್ಪ" ಅಂದಳು.