ಚೆಂಡು ಒಳಗೆ, ಹೊಡೆದವನು ಹೊರಗೆ

ಬೇಸ್‌ಬಾಲ್‌ನ ಸಾರ್ವಕಾಲಿಕ ಶ್ರೇಷ್ಠ ಯಾರೆಂದು ಅಮೆರಿಕನ್ನರನ್ನು ಊಟದ ಹೊತ್ತಿನಲ್ಲಿ ಕೇಳಬಾರದು, ಅನ್ನ ಆರಿಹೋಗುತ್ತದೆ. ಕ್ರಿಕೆಟಿನವರು ಬ್ರಾಡ್ಮನ್ನನ ಸರಾಸರಿ 99.94 ಎಂದು ಹೇಳಿ ಕಾಫಿಗೆ ಏಳಬಹುದು. ಇವರಿಗೆ ಆ ಸುಖವಿಲ್ಲ. ಬೇಬ್ ರೂತ್, ವಿಲ್ಲಿ ಮೇಸ್, ಹ್ಯಾಂಕ್ ಆರನ್, ಬ್ಯಾರಿ ಬಾಂಡ್ಸ್, ಈಗ ಶೊಹೆಯ್ ಒಹ್ತಾನಿ ಎಂದು ಜಗಳ ಬೆಳೆಯುತ್ತಲೇ ಇರುತ್ತದೆ.

ಪುಣ್ಯಕ್ಕೆ, ಇದನ್ನೆಲ್ಲ ತೂಗಿ ನೋಡಲು ಮಹಾನ್ ಆಟಗಾರರನ್ನು ಆರಿಸಿ ಒಳಗೆ ಸೇರಿಸಿಕೊಳ್ಳುವ ಹಾಲ್ ಆಫ್ ಫೇಮ್ ಎಂಬ ಮಡಿವಂತ ಸಂಸ್ಥೆಯೊಂದಿದೆ. 2025ರ ಡಿಸೆಂಬರ್‌ನಲ್ಲಿ ಅದರ ಹದಿನಾರು ಮಂದಿಯ ಸಮಿತಿ ಸೇರಿ ಜೆಫ್ ಕೆಂಟ್‌ಗೆ 14 ಮತ ಕೊಟ್ಟು ಒಳಗೆ ಕರೆದುಕೊಂಡಿತು. ಅದೇ ಪಟ್ಟಿಯಲ್ಲಿದ್ದ ಬಾಂಡ್ಸ್‌ಗೆ ಐದು ಮತವೂ ಬೀಳಲಿಲ್ಲ. ಇಬ್ಬರೂ ಆರು ವರ್ಷ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದಲ್ಲಿ ಒಟ್ಟಿಗೆ ಆಡಿದವರು, 2002ರಲ್ಲಿ ಕ್ಯಾಮೆರಾಗಳ ಎದುರೇ ಕೈಕೈ ಮಿಲಾಯಿಸಿದವರು. ಕೆಂಟ್ ಒಳ್ಳೆಯ ಆಟಗಾರ, ಅದರಲ್ಲಿ ತಕರಾರಿಲ್ಲ. ಆದರೆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವನಿಗೆ ಬಂದದ್ದು ಒಮ್ಮೆ, ಬಾಂಡ್ಸ್‌ಗೆ ಬಂದದ್ದು ಏಳು ಬಾರಿ. ಬಾಂಡ್ಸ್ ಹೊಡೆದ 762 ಹೋಮ್ ರನ್‌ಗಳನ್ನು, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತಗಳನ್ನು, ಅಮೆರಿಕದ ಅತ್ಯುನ್ನತ ಕೂಟವಾದ ಮೇಜರ್ ಲೀಗ್‌ನಲ್ಲಿ ಇನ್ನೂ ಯಾರೂ ಮುಟ್ಟಿಲ್ಲ.

ಉದ್ದೀಪನ ಮದ್ದಿನ ಆರೋಪವಿದೆಯಲ್ಲ, ಅದಕ್ಕೇ ಬಾಗಿಲು ಹಾಕಿದ್ದಾರೆ. ಸರಿ, ಒಪ್ಪೋಣ. ಆದರೆ ಆರನ್ನನ ಹೋಮ್ ರನ್ ದಾಖಲೆ ಮುರಿದ ಆ 756ನೇ ಹೊಡೆತದ ಚೆಂಡು ಎಲ್ಲಿದೆ ಗೊತ್ತೆ? ಅದೇ ಹಾಲ್ ಆಫ್ ಫೇಮ್‌ನೊಳಗೆ! ಹರಾಜಿನಲ್ಲಿ ಅದನ್ನು ಏಳೂವರೆ ಲಕ್ಷ ಡಾಲರಿಗೆ ಕೊಂಡ ಫ್ಯಾಷನ್ ವ್ಯಾಪಾರಿಯೊಬ್ಬ, ಇದನ್ನು ಏನು ಮಾಡಲಿ ಎಂದು ಜನರ ಮತ ಕೇಳಿದ. ಹಾಗೆಯೇ ದಾನ ಕೊಡುವುದು, ಕಳಂಕದ ಗುರುತಾಗಿ ನಕ್ಷತ್ರದ ಮುದ್ರೆ ಒತ್ತಿ ಕೊಡುವುದು, ಇಲ್ಲವೇ ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಕಳಿಸುವುದು. ಜನ ಮುದ್ರೆಯನ್ನು ಆರಿಸಿದರು. ಮುದ್ರೆ ಹೊತ್ತ ಚೆಂಡು ಒಳಗೆ ಬಂತು. ಚೆಂಡಿಗೆ ಮೈಲಿಗೆಯಿಲ್ಲ, ಹೊಡೆದ ಕೈಗೆ ಮಾತ್ರ ಮೈಲಿಗೆ. ಆ ಮದ್ದಿನ ಕಾಲದುದ್ದಕ್ಕೂ ಆಟದ ಯಜಮಾನಿಕೆ ನಡೆಸಿದ ಕಮಿಷನರ್ ಬಡ್ ಸೆಲಿಗ್ 2017ರಲ್ಲೇ ಸಗೌರವವಾಗಿ ಒಳಗೆ ಹೋಗಿಯಾಗಿದೆ.

ಈ ಮಡಿಯ ಮೂಲವನ್ನೂ ಸ್ವಲ್ಪ ವಿಚಾರಿಸಬೇಕು. ಹಾಲ್ ಆಫ್ ಫೇಮ್ ಇರುವುದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ. ಅಲ್ಲೇ ಏಕೆ? 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಅಲ್ಲಿ ಬೇಸ್‌ಬಾಲ್ ಕಂಡುಹಿಡಿದನಂತೆ. ಹಾಗೆಂದು ಸಾಕ್ಷಿ ಹೇಳಿದವನು ಆಬ್ನರ್ ಗ್ರೇವ್ಸ್. ಆ ಘಟನೆಯ ಕಾಲಕ್ಕೆ ಅವನಿಗೆ ಐದು ವರ್ಷ, ಸಾಕ್ಷಿ ಹೇಳುವಾಗ ಎಪ್ಪತ್ತು ದಾಟಿತ್ತು. ಡಬಲ್‌ಡೇ ಆ ವರ್ಷ ವೆಸ್ಟ್ ಪಾಯಿಂಟ್‌ನ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿ. ಈ ಆಟವನ್ನು ತಾನು ಕಂಡುಹಿಡಿದೆನೆಂದು ಆತ ಒಮ್ಮೆಯೂ ಹೇಳಿಕೊಂಡವನಲ್ಲ. ಆದರೂ ಸಮಿತಿಯೊಂದು ಅಸ್ತು ಎಂದಿತು. 1939ರಲ್ಲಿ ಆಟದ ಶತಮಾನೋತ್ಸವವೆಂದು ವಾದ್ಯ ಬಾರಿಸಿ ಬಾಗಿಲು ತೆರೆದರು. ಸುಳ್ಳಿನ ಅಡಿಪಾಯದ ಮೇಲೆ ನಿಂತ ಕಟ್ಟಡದಲ್ಲಿ ಇಂದು ಪ್ರಾಮಾಣಿಕತೆಯ ತಪಾಸಣೆ ನಡೆಯುತ್ತದೆ.

ಇನ್ನು, ಆ ಸಮಿತಿಗೂ ಮೊದಲು ಆಟಗಾರರಿಗೆ ಮತ ಹಾಕುವ ಪತ್ರಕರ್ತರು. 1936ರ ಮೊದಲ ಮತದಾನದಲ್ಲಿ 226 ಮಂದಿಯಲ್ಲಿ 11 ಮಂದಿಗೆ ಬೇಬ್ ರೂತ್ ಸಾಲಲಿಲ್ಲ. 511 ಪಂದ್ಯ ಗೆದ್ದ ಪಿಚರ್ (ಚೆಂಡೆಸೆಯುವವ) ಸೈ ಯಂಗ್‌ಗೆ ಅರ್ಧದಷ್ಟೂ ಮತ ಬೀಳಲಿಲ್ಲ. ಇಂದು ಶ್ರೇಷ್ಠ ಪಿಚರ್‌ಗೆ ಕೊಡುವ ಪ್ರಶಸ್ತಿ ಅವನ ಹೆಸರಿನದೇ! ರೂತ್‌ಗೇ ಸರ್ವಾನುಮತ ಸಿಗದ ಮೇಲೆ ಉಳಿದವರಿಗೆ ಏಕೆ ಎಂಬುದು ಮುಂದಿನವರ ಶಾಸ್ತ್ರವಾಯಿತು. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಂಡಂತೆ. ಮೇಸ್‌ಗೆ 23 ಮಂದಿ, ಆರನ್‌ಗೆ ಒಂಬತ್ತು ಮಂದಿ ಮತ ಕೊಡಲಿಲ್ಲ. 2025ರಲ್ಲಿ ಇಚಿರೊ ಸುಜುಕಿಗೆ 394ರಲ್ಲಿ 393 ಬಿತ್ತು. ಉಳಿದ ಆ ಒಬ್ಬ ಮಹಾನುಭಾವ ಯಾರೋ! ಮನೆಗೆ ಬನ್ನಿ, ಒಟ್ಟಿಗೆ ಕುಡಿಯೋಣ ಎಂದು ಇಚಿರೊ ನಗುತ್ತಲೇ ಕರೆದ.

ಲೆಕ್ಕದವರನ್ನು ನಂಬೋಣವೆಂದರೆ ಅವರ ದಾರಿ ಇನ್ನೂ ಸೊಗಸು. ಸಾಧಾರಣ ಬದಲಿ ಆಟಗಾರನೊಬ್ಬನನ್ನು ಕಲ್ಪಿಸಿಕೊಂಡು, ಅವನಿಗಿಂತ ಇವನು ತಂಡಕ್ಕೆ ಎಷ್ಟು ಗೆಲುವು ಹೆಚ್ಚು ತಂದ ಎಂದು ಅಳೆಯುತ್ತಾರೆ. ಆ ಬದಲಿ ಆಟಗಾರ ಯಾವ ತಂಡದಲ್ಲೂ ಇಲ್ಲ. ಅವನಿಗೆ ಮೊಣಕಾಲು ನೋಯುವುದಿಲ್ಲ, ಯಾವ ಪತ್ರಕರ್ತನ ಜತೆಗೂ ವೈಮನಸ್ಯವಿಲ್ಲ. ಎಲ್ಲ ಪಕ್ಷದವರೂ ಒಪ್ಪಿಕೊಂಡಿರುವ ಏಕೈಕ ಆಟಗಾರ ಅವನೇ. ನನ್ನ ಮತವೂ ಅವನಿಗೇ.

ಒಹ್ತಾನಿಯ ವಿಷಯ ಎತ್ತಲೇಬೇಡಿ. 2025ರ ಅಕ್ಟೋಬರ್‌ನಲ್ಲಿ, ತಂಡವನ್ನು ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೆ ಒಯ್ದ ಪಂದ್ಯದಲ್ಲಿ, ಪಿಚರ್ ಆಗಿ ಹತ್ತು ಸ್ಟ್ರೈಕ್‌ಔಟ್ ಪಡೆದು, ಅದೇ ರಾತ್ರಿ ಬ್ಯಾಟ್ ಹಿಡಿದು ಮೂರು ಹೋಮ್ ರನ್ ಹೊಡೆದ. ರೂತ್ ಪಕ್ಷದವರು ಇದನ್ನೆಲ್ಲ ನಮ್ಮವನು ನೂರು ವರ್ಷಗಳ ಹಿಂದೆಯೇ ಮಾಡಿದ್ದಾನೆ ಎನ್ನುತ್ತಾರೆ.

ಮಾಡಿದ್ದ, ನಿಜ. ಯಾರೆದುರು? ರೂತ್ ಆಡಿದ್ದು 1914ರಿಂದ 1935ರವರೆಗೆ. ಅಷ್ಟೂ ಕಾಲ ಮೇಜರ್ ಲೀಗ್‌ನಲ್ಲಿ ಒಬ್ಬ ಕರಿಯ ಆಟಗಾರನಿಗೂ ಜಾಗವಿರಲಿಲ್ಲ. ಆ ಕಾಲದ ಮಹಾ ಪಿಚರ್ ಸ್ಯಾಚೆಲ್ ಪೇಜ್‌ಗೆ ಬಾಗಿಲು ತೆರೆದದ್ದು 1948ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ. ಅವನನ್ನು 1971ರಲ್ಲಿ ಹಾಲ್ ಆಫ್ ಫೇಮ್‌ಗೆ ಆರಿಸಿದಾಗಲೂ ಕರಿಯರೇ ಪ್ರತ್ಯೇಕವಾಗಿ ಆಡಬೇಕಾಗಿದ್ದ ಕರಿಯರ ಲೀಗ್‌ನವರಿಗೆ ಬೇರೆಯೇ ವಿಭಾಗ ಮಾಡುವುದಾಗಿ ಸಾರಿದ್ದರು. ಕೀರ್ತಿಯಲ್ಲೂ ಪಂಕ್ತಿಭೇದ. ಜನ ಉಗಿದ ಮೇಲೆ ಕೈಬಿಟ್ಟರು.

ಕರಿಯರ ಲೀಗ್‌ನ ಮಹಾ ಬ್ಯಾಟುಗಾರ ಜಾಶ್ ಗಿಬ್ಸನ್‌ಗೆ ಅಷ್ಟೂ ದಕ್ಕಲಿಲ್ಲ. 1947ರ ಜನವರಿಯಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಮೇಜರ್ ಲೀಗ್‌ನ ಆ ಬಾಗಿಲು ತೆರೆಸಿದ ಕರಿಯ ಆಟಗಾರ ಜಾಕಿ ರಾಬಿನ್ಸನ್ ಡಾಜರ್ಸ್ ತಂಡದ ಪರ ಮೈದಾನಕ್ಕಿಳಿದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಗಿಬ್ಸನ್ನನ ಗೋರಿಗೆ ಒಂದು ಕಲ್ಲು ನೆಡಲು 1975 ಬರಬೇಕಾಯಿತು. ಕೊನೆಗೆ 2024ರಲ್ಲಿ ಕರಿಯರ ಲೀಗ್‌ಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದಾಗ ಅವನ .372 ಬ್ಯಾಟಿಂಗ್ ಸರಾಸರಿ (ಸಾವಿರ ಅವಕಾಶಕ್ಕೆ 372 ಯಶಸ್ವಿ ಹೊಡೆತ) ಟೈ ಕಾಬ್‌ನ .367 ಅನ್ನು ದಾಟಿ ಮೊದಲ ಸ್ಥಾನಕ್ಕೆ ಬಂತು. ತಕ್ಷಣ ಆಕ್ಷೇಪ ಎದ್ದಿತು: ಗಿಬ್ಸನ್ ಆಡಿದ ಅಧಿಕೃತ ಪಂದ್ಯಗಳು ತೀರಾ ಕಡಿಮೆಯಲ್ಲವೇ, ಇದನ್ನು ಹೇಗೆ ಒಪ್ಪುವುದು?

ಕಡಿಮೆಯಾದದ್ದು ಯಾರಿಂದ ಸ್ವಾಮೀ?