ಟಿಡಿಎಸ್ ಕೇಳುವ ನಾವು ನೀರಿನ ಗಡಸುತನವನ್ನೂ ಕೇಳಬೇಕು

ಬೆಂಗಳೂರಿನ ಹೊರವಲಯದಲ್ಲಿ ಮನೆ ನೋಡಲು ಹೋದವರು ಮೊದಲು ಕೇಳುವುದು ಕಾವೇರಿ ನೀರೋ, ಬೋರ್ ನೀರೋ ಎಂದು. ಬೋರ್ ಎಂಬ ಉತ್ತರ ಬಂದರೆ ಮುಂದಿನ ಪ್ರಶ್ನೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಘನಪದಾರ್ಥಗಳ ಒಟ್ಟು ಪ್ರಮಾಣ, ಎಷ್ಟು ಎಂಬುದು. ಪೆನ್ನಿನಂಥ ಮೀಟರನ್ನು ಲೋಟಕ್ಕೆ ಅದ್ದಿ, ಬಂದ ಅಂಕಿಯನ್ನು ನೋಡಿ, ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಿಬಿಡುತ್ತೇವೆ. ಆ ಮೀಟರ್ ಅಳೆಯುವುದು ನೀರು ಎಷ್ಟರಮಟ್ಟಿಗೆ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದನ್ನು. ಕರಗಿರುವ ಲವಣ ಯಾವುದೆಂದು ಅದಕ್ಕೆ ತಿಳಿಯುವುದಿಲ್ಲ. ಗೀಸರ್ ಮತ್ತು ವಾಷಿಂಗ್ ಮೆಷಿನ್‌ಗಳಲ್ಲಿ ಸುಣ್ಣ ಕಟ್ಟುವುದು ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಲವಣಗಳಿಂದ. ಅವುಗಳ ಅಳತೆಯೇ ಗಡಸುತನ, ಮತ್ತು ಆ ಅಂಕಿಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಬಿಸಿ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಹಿಂದೆ ಬಚ್ಚಲಿನ ಹಂಡೆಯ ಒಳಗಿನಿಂದ ಕೆರೆದು ತೆಗೆಯುತ್ತಿದ್ದ ಬಿಳಿ ಪದರ ಇದೇ. ಹಂಡೆಗೆ ಬೆಂಕಿ ಹೊರಗಿನಿಂದ ಬೀಳುತ್ತಿದ್ದುದರಿಂದ ಒಂದಿಷ್ಟು ಸೌದೆ ಹೆಚ್ಚು ಉರಿಯುತ್ತಿತ್ತು, ಅಷ್ಟೇ. ಗೀಸರಿನಲ್ಲಿ ನೀರು ಕಾಯಿಸುವ ಕಾಯಿಲ್ ನೀರಿನೊಳಗೇ ಇರುವುದರಿಂದ ಪದರ ಅದರ ಮೇಲೆಯೇ ಬೆಳೆಯುತ್ತದೆ. ನಮ್ಮ ಮನೆಯ ಗೀಸರ್ ಬಿಚ್ಚಿದಾಗ, ಪೆನ್ಸಿಲ್ ದಪ್ಪದ ಕಾಯಿಲ್ ಹೆಬ್ಬೆರಳಿನಷ್ಟು ದಪ್ಪವಾಗಿ ಹೊರಬಂದಿತು. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ತಟ್ಟಿದಂತೆ ಬೂದುಬಿಳಿ ಚಕ್ಕೆಗಳು ಉದುರಿದವು. ಅವುಗಳ ಅಡಿಯಲ್ಲಿ ಲೋಹ ಉದ್ದಕ್ಕೂ ಸೀಳಿತ್ತು. ಶಾಖ ನೀರಿಗೆ ಸರಾಗವಾಗಿ ಹೋಗದಿದ್ದಾಗ ಕಾಯಿಲ್ ತನ್ನ ಶಾಖದಲ್ಲಿ ತಾನೇ ಬೆಂದು ಒಡೆಯುತ್ತದೆ. ಅದಕ್ಕೆ ಮುಂಚೆ ಎಷ್ಟೋ ತಿಂಗಳು ನೀರು ತಡವಾಗಿ ಕಾಯುತ್ತಿರುತ್ತದೆ, ಟ್ಯಾಂಕಿನ ತಳದಲ್ಲಿ ಸುಣ್ಣ ಕೂತು ಹಿಡಿಯುವ ನೀರೂ ಕಡಿಮೆಯಾಗುತ್ತಿರುತ್ತದೆ.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500 (2012) ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಸ್ವೀಕಾರಾರ್ಹ ಎನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. 500 ಇರುವ ನೀರನ್ನೇ ತೆಗೆದುಕೊಳ್ಳಿ: ತಾರಸಿಯ ಮೇಲಿನ ಸಾವಿರ ಲೀಟರಿನ ಒಂದು ಟ್ಯಾಂಕಿನಲ್ಲಿ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ, ಅರ್ಧ ಕಿಲೋ ಗಡಸುತನವಿರುತ್ತದೆ. ಅಷ್ಟೂ ಯಂತ್ರಗಳಲ್ಲಿ ಉಳಿಯುವುದಿಲ್ಲ ಎಂಬುದು ನಿಜ. ಆದರೆ ಮನುಷ್ಯ ಕುಡಿಯಲು ತಕ್ಕಮಟ್ಟಿಗೆ ಒಪ್ಪಬಹುದಾದ ನೀರೇ ಕಾಯಿಲಿಗೆ ಮಾರಕವಾಗಬಲ್ಲದು ಎಂಬುದನ್ನು ನಾವು ಮರೆಯುತ್ತೇವೆ. ಕರಾವಳಿಯ ಮುರಕಲ್ಲಿನ ನೆಲದ ಬಾವಿಯ ಮೆದು ನೀರಿಗೆ ಒಗ್ಗಿದವರಿಗೆ ಬಯಲುಸೀಮೆಯ ಬೋರ್ ನೀರಿನ ವ್ಯತ್ಯಾಸ ಮೊದಲ ಸ್ನಾನದಲ್ಲೇ ತಿಳಿಯುತ್ತದೆ: ಸೋಪು ನೊರೆ ಕೊಡುವುದಿಲ್ಲ, ಅಡುಗೆಮನೆಯಲ್ಲಿ ಬೇಳೆ ಬೇಯುವುದಿಲ್ಲ.

ಬಟ್ಟೆಯ ವಿಷಯದಲ್ಲಿ ನಷ್ಟ ಮನೆಯೊಳಗೇ ನಿಲ್ಲುವುದಿಲ್ಲ. ನೊರೆ ಬಾರದ ನೀರಿಗೆ ನಾವು ಇನ್ನಷ್ಟು ಪುಡಿ ಸುರಿಯುತ್ತೇವೆ. ಆ ಡಿಟರ್ಜೆಂಟ್ ಚರಂಡಿ ಸೇರಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯಲ್ಲಿ ತನ್ನ ಪಾಲು ಸಲ್ಲಿಸುತ್ತದೆ. ಬಿಸಿನೀರಿನಲ್ಲಿ ಒಗೆಯುವ ಫ್ರಂಟ್ ಲೋಡ್ ಯಂತ್ರದ ಹೀಟರಿಗೂ ಗೀಸರಿನ ಕಾಯಿಲಿನ ಗತಿಯೇ. ಪಾತ್ರೆ ತೊಳೆಯುವ ಯಂತ್ರಗಳಲ್ಲಿ ಮಾತ್ರ ನೀರನ್ನು ಮೆದುಗೊಳಿಸುವ ವ್ಯವಸ್ಥೆ ಸಾಮಾನ್ಯವಾಗಿ ಒಳಗೇ ಇರುತ್ತದೆ, ಅದಕ್ಕೆ ಉಪ್ಪು ತುಂಬಬೇಕು, ನೀರಿನ ಗಡಸುತನಕ್ಕೆ ತಕ್ಕಂತೆ ಅದನ್ನು ಹೊಂದಿಸಬೇಕು. ಅಂಕಿಯೇ ಗೊತ್ತಿಲ್ಲದಿದ್ದರೆ ಹೊಂದಿಸುವುದು ಹೇಗೆ?

ಪರಿಹಾರದ ವಿಷಯದಲ್ಲಿಯೂ ಗೊಂದಲವಿದೆ. ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಹಿಡಿದುಕೊಂಡು ಅವುಗಳ ಬದಲು ಸೋಡಿಯಂ ಬಿಡುತ್ತದೆ. ಹಾಗಾಗಿ ಟಿಡಿಎಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಇದನ್ನು ತಿಳಿಯದವರು ಸಾಫ್ಟ್‌ನರ್ ಕೆಲಸ ಮಾಡುತ್ತಿಲ್ಲವೆಂದು ಮಾರಿದವರೊಡನೆ ಜಗಳಕ್ಕೆ ನಿಲ್ಲುತ್ತಾರೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಆದ್ದರಿಂದ ಕುಡಿಯುವ ನೀರಿಗೂ ಗಿಡಗಳಿಗೂ ಬೇರೆ ಕೊಳಾಯಿ ಇರುವುದು ಒಳ್ಳೆಯದು. ಪೈಪಿಗೆ ಅಯಸ್ಕಾಂತ ಕಟ್ಟಿದರೆ ಸಾಕು ಎಂಬ ಜಾಹೀರಾತುಗಳನ್ನು ನಾನು ನಂಬುವುದಿಲ್ಲ, ನೀವೂ ಹಣ ಕಳೆದುಕೊಳ್ಳಬೇಡಿ. ಸಾಫ್ಟ್‌ನರ್ ಕೊಳ್ಳಲಾಗದ ಬಾಡಿಗೆದಾರರು ಗೀಸರಿನ ಥರ್ಮೋಸ್ಟಾಟನ್ನು 60 ಡಿಗ್ರಿ ದಾಟದಂತೆ ಇಡಬಹುದು, ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಬಹುದು. ಕೆಟಲಿಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ಬಿಸಿ ದ್ರಾವಣ ಸಾಕು.

2024ರ ಮಾರ್ಚ್‌ನ ನೀರಿನ ಬವಣೆಯಲ್ಲಿ ಬೆಂಗಳೂರಿನ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ಪ್ರಮಾಣ ಮತ್ತು ದೂರ ನೋಡಿ ದರ ನಿಗದಿ ಮಾಡಿತು. ಅದು ಸರಿಯಾದ ಕ್ರಮ. ಟ್ಯಾಂಕರಿನ ರಸೀದಿಯ ಮೇಲೆ ಗಡಸುತನದ ಅಂಕಿಯೂ ಇರಬೇಕೆಂದು ನಾನು ಒತ್ತಾಯಿಸುತ್ತೇನೆ. ಬಿಲ್ಡರ್ ಕೊಡುವ ಕಾಗದಗಳಲ್ಲಿ, ಬಾಡಿಗೆ ಕರಾರಿನಲ್ಲಿಯೂ ಅದು ಇರಬೇಕು. ಪರೀಕ್ಷೆ ಕಷ್ಟದ್ದೇನಲ್ಲ: ಗಡಸುತನ ಪರೀಕ್ಷಿಸುವ ಕಿಟ್ಟಿನ ಸೂಚಕ ಹಾಕಿದಾಗ ಕೆಂಪಾಗುವ ನೀರಿಗೆ, ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ನೀಲಿಗೆ ತಿರುಗುವವರೆಗೆ ಹನಿಗಳನ್ನು ಎಣಿಸಿದರಾಯಿತು. ಬೋರ್ ನೀರಿನ ಗುಣ ಋತುವಿನೊಂದಿಗೆ ಬದಲಾಗುವುದರಿಂದ ಅಪಾರ್ಟ್‌ಮೆಂಟಿನ ಸಂಘಗಳು ಮುಂಗಾರಿಗೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಸಂಪಿನ ನೀರನ್ನು ಹೀಗೆ ಪರೀಕ್ಷಿಸಿ, ಬಂದ ಅಂಕಿಯನ್ನು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಹಾಕಲಿ.